ಕಿವುಡರಿಲ್ಲದ ಊರು

ಕಿವಿ ಕೇಳಿಸದವರಿಗೆ ಬಂದಿದ್ದ ಯಂತ್ರಗಳನ್ನು ಆರೋಗ್ಯ ಇಲಾಖೆ ಅವರಿಗೆ ಕೊಡಲಿಲ್ಲ. ಕಾಯ್ದೆಯ ಪ್ರಕಾರವೇ ಕೊಡಲಿಲ್ಲ. ಶಾಮಿಯಾನ ಹಾಕಿಸಿ, ಕುರ್ಚಿ ಹಾಕಿ ಕೂರಿಸಿ, ಕುಡಿಯಲು ನೀರಿಟ್ಟು ಕೊಡಲಿಲ್ಲ.

ಉಚಿತ ಶ್ರವಣಯಂತ್ರ ಕಾಯ್ದೆ ಬಹಳ ಸರಳ. ಅರ್ಜಿದಾರರ ಹೆಸರನ್ನು ಗುಮಾಸ್ತರು ಗಟ್ಟಿಯಾಗಿ ಕೂಗತಕ್ಕದ್ದು. ಏಳದವರು ಗೈರುಹಾಜರು. ಎದ್ದವರಿಗೆ ಕಿವಿ ಕೇಳಿಸುತ್ತದೆ, ಆದ್ದರಿಂದ ಅನರ್ಹರು.

ಮುಂದಿನ ಸಾಲಿನಲ್ಲಿ ಕ್ಷೌರಿಕ ಹೆಂಡತಿಯ ಜೊತೆ ಕೂತಿದ್ದ. ಯಂತ್ರ ಸಿಗದಿದ್ದರೆ ಅವನ ಅಂಗಡಿಗೆ ಬೀಗವೇ ಗತಿ. "ಮೀಸೆ ಮುಟ್ಬೇಡ" ಎಂದು ಬಡಕೊಂಡ ಗಿರಾಕಿಯೊಬ್ಬನ ಮೀಸೆಯನ್ನು ಅವನು ನುಣ್ಣಗೆ ಬೋಳಿಸಿ ಕಳಿಸಿದ್ದ. ಮರುದಿನ ಆ ಗಿರಾಕಿಯ ಮದುವೆ. ಆಮೇಲೆ ಮೀಸೆ ಇದ್ದವರು ಯಾರೂ ಆ ಕಡೆ ತಲೆಹಾಕಲಿಲ್ಲ.

ಗುಮಾಸ್ತ ಹೆಸರು ಕೂಗಿದ. ಕ್ಷೌರಿಕ ನೆಮ್ಮದಿಯಾಗಿ ಗುಮಾಸ್ತನ ತಲೆಯ ಕಟಿಂಗ್ ನೋಡುತ್ತಾ ಕೂತಿದ್ದ. ಹೆಂಡತಿ ಮೊಣಕೈಯಲ್ಲಿ ತಿವಿದಳು. ದಡಕ್ಕನೆ ಎದ್ದ.

"ಅಮ್ಮಾ, ತಿವಿಯೋ ಹಾಗಿಲ್ಲ. ಅದು ಹೊರಗಿನ ನೆರವಾಗುತ್ತೆ. ಕೂಗಿದ್ದು ಕೇಳಿಸ್ಕೊಂಡೇ ಏಳ್ಬೇಕು."

"ಕೇಳ್ಸೋ ಹಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು ಸಾರ್? ಮನೇಲೇ ನನ್ನ ಬೈಗುಳ ಕೇಳ್ಕೊಂಡು ಬಿದ್ದಿರ್ತಿದ್ರು."

"ಅದನ್ನ ಕಾಯ್ದೆ ಮಾಡಿದೋರಿಗೆ ಹೇಳಿ."

"ಅವರಿಗೆ ಯಾರು ಹೇಳಿದ್ದೂ ಕೇಳ್ಸಲ್ಲ. ಮೊದ್ಲು ಅವರಿಗೊಂದು ಮಿಷಿನ್ ಹಾಕಿ."

"ಏನಂತೆ?" ಎಂದ ಕ್ಷೌರಿಕ.

ಅವಳು ಅವನ ಕಿವಿಗೆ ಬಾಯಿಟ್ಟು ಕಿರುಚಿದಳು: "ಎದ್ದಿದ್ದು ತಪ್ಪಂತೆ ರೀ!"

"ಹೌದಾ? ಸರಿ, ಕೂತ್ಕೋತೀನಿ ಬಿಡು."

ಗುಮಾಸ್ತನ ಮುಖ ಅರಳಿತು. "ನೋಡಿದ್ರಾ! ಕೇಳಿಸ್ತು!" ಎಂದು 'ಅನರ್ಹ' ಮೊಹರು ಒತ್ತಿದ.

ಸಂಜೆ ದೊಡ್ಡ ಅಧಿಕಾರಿ ಮೈಕಿನ ಮುಂದೆ ನಿಂತರು. "ಬಂದವರಲ್ಲಿ ಒಬ್ಬರೂ ಕಿವುಡರಲ್ಲ, ಕಿವುಡರು ಒಬ್ಬರೂ ಬಂದಿಲ್ಲ. ಆದಕಾರಣ ಈ ಊರನ್ನು ಕಿವುಡುಮುಕ್ತವೆಂದು ಘೋಷಿಸಲಾಗಿದೆ." ಅವರ ಬಾಯಿ ನಿಂತದ್ದು ನೋಡಿ ಅರ್ಜಿದಾರರೆಲ್ಲ ಚಪ್ಪಾಳೆ ತಟ್ಟಿದರು. ಯಂತ್ರಗಳು ಪೆಟ್ಟಿಗೆ ಸಮೇತ ಉಗ್ರಾಣಕ್ಕೆ ವಾಪಸಾದವು.

ಕ್ಷೌರಿಕನ ಅಂಗಡಿ ಮುಚ್ಚಿತು. ಬೀಗ ಬಿದ್ದ ಬಾಗಿಲಿನ ಮೇಲೆ ಜಾಗ ಖಾಲಿ ಇದೆಯೆಂದು ಇಲಾಖೆ ಅಲ್ಲೇ 'ಕಿವುಡುಮುಕ್ತ ಊರು' ಎಂಬ ಫಲಕ ಹೊಡೆಸಿತು. ಊರವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ಫಲಕ ಓರೆಯಾಗದಂತೆ ಏಣಿ ಹಿಡಿದು ನಿಂತವನು ಕ್ಷೌರಿಕನೇ.

ನೀವು ಫೋಟೊ ತೆಗೆಸಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ಆ ಉಗ್ರಾಣಕ್ಕೆ ನಡೆಯಿರಿ. ಯಂತ್ರದ ಪೆಟ್ಟಿಗೆಗಳ ಮೇಲೆ ಹೋಗಿ ಕೂತುಬಿಡಿ. ಯಾರು ಎಷ್ಟೇ ಕೂಗಿದರೂ ಏಳಬೇಡಿ.