ಕ್ಷೌರಿಕನ ತಲೆಗೆ ಕೂದಲು ಬಂದದ್ದು

"ರೀ, ಈಗ ಹಣೆ ಮೇಲೂ ಕೂದಲು ಶುರುವಾಗಿದೆ ಕಣ್ರೀ," ಎಂದಳು ಹೆಂಡತಿ, ಕಾಫಿ ಲೋಟ ಕೈಗಿಡುತ್ತಾ. "ಕಿವಿ ವಿಷಯ ಬಿಡಿ, ಜಡೆ ಹಾಕಬಹುದು."

"ತಲೆ ಮೇಲೆ ಬಂತೋ ಇಲ್ವೋ, ಅದನ್ನ ಹೇಳು."

"ಬಂತಪ್ಪಾ ಬಂತು. ತೆಂಗಿನ ನಾರು ಅಂಟಿಸಿದ ಹಾಗೆ ಬಂತು."

ಕ್ಷೌರಿಕನಿಗೆ ಅಷ್ಟು ಸಾಕಾಗಿತ್ತು. ಬೇರೆಯವರ ತಲೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೂದಲು ಉದುರಿದರೆ ಅದು ಅವರ ಮನೆಯ ಸಂಗತಿ. ಕ್ಷೌರಿಕನ ತಲೆಯಲ್ಲಿ ಉದುರಿದರೆ ಅದೇ ಅಂಗಡಿಯ ಬೋರ್ಡು. ಅಂಟುರೋಗವಲ್ಲ ಎಂದು ಎಷ್ಟು ಹೇಳಿದರೂ ಗಿರಾಕಿಗಳು ಅವನ ಬಾಚಣಿಗೆಯನ್ನು ಹಾವು ನೋಡಿದಂತೆ ನೋಡಿ, ಒಬ್ಬೊಬ್ಬರಾಗಿ ಮೂಲೆಯ ಹೊಸ ಸಲೂನಿಗೆ ಜಾರಿದ್ದರು. ಅವರು ವಾಪಸು ಬರಬೇಕು, ಇಲ್ಲವೇ ಅಂಗಡಿಗೆ ಬೀಗ ಬೀಳಬೇಕು.

ಕೂದಲು ಬರಲೆಂದು ಮಾತ್ರೆ ಬರೆದ ದಿನವೇ ಡಾಕ್ಟರು ಬಾಯಿಬಿಟ್ಟು ಹೇಳಿದ್ದರು: "ಇದು ಅಸಲಿಗೆ ಬಿಪಿ ಮಾತ್ರೆ. ಕೂದಲು ಬೆಳೆಯೋದು ಇದರ ಅಡ್ಡಪರಿಣಾಮ. ನಿಮಗೆ ಬೇಕಾಗಿರೋದು ಅಡ್ಡಪರಿಣಾಮ, ಹಾಗಾಗಿ ಅಸಲು ಪರಿಣಾಮ ನೀವೇ ಸುಧಾರಿಸ್ಕೋಬೇಕು. ಕಾಲು ಊದಬಹುದು. ಥಟ್ಟಂತ ಎದ್ದು ನಿಲ್ಬೇಡಿ."

ಹೆಂಡತಿ ಕೊಟ್ಟ ಕಾಫಿ ಕುಡಿದು, ಆ ಬೆಳಿಗ್ಗೆ ಅವನು ಇಷ್ಟು ದಿನ ಬೋಳು ಮುಚ್ಚಿದ್ದ ಟೋಪಿಯಿಲ್ಲದೆ ಅಂಗಡಿ ತೆರೆದ. ನಿವೃತ್ತ ಮೇಷ್ಟ್ರು ಹಾದುಹೋಗುತ್ತಿದ್ದವರು ನಿಂತೇಬಿಟ್ಟರು.

"ಅರೆ, ಕಾಡೇ ಬೆಳೆಸಿದ್ದೀಯಲ್ಲಯ್ಯಾ!"

"ಬನ್ನಿ ಮೇಷ್ಟ್ರೇ, ಶೇವಿಂಗ್ ಮಾಡ್ತೀನಿ."

ಬಲಗೆನ್ನೆ ಮುಗಿಯಿತು. ಅಷ್ಟರಲ್ಲಿ ಬ್ರಷ್ಷು ಕೆಳಗೆ ಬಿತ್ತು. ಗಿರಾಕಿ ಬಂದ ಖುಷಿಯಲ್ಲಿ ಡಾಕ್ಟರ ಮಾತು ಮರೆತು ಅವನು ಬಗ್ಗಿ ಥಟ್ಟನೆ ಎದ್ದ. ಅಂಗಡಿಯೇ ತೊಟ್ಟಿಲಾಯಿತು. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಮೇಷ್ಟ್ರ ಮೂಗು. ಇನ್ನೊಂದು ಕೈಯ ರೇಜರು ಅವರ ಗಂಟಲ ಮುಂದೆ ಜೋಲಿ ಹೊಡೆಯುತ್ತಿತ್ತು.

"ಬಿಡೋ ಮಾರಾಯಾ! ನಾನಿನ್ನೂ ಪೆನ್ಷನ್ ತಗೊಳ್ಳೋದಿದೆ!"

ಎಡಗೆನ್ನೆಯ ನೊರೆ ಸಮೇತ ಮೇಷ್ಟ್ರು ಬೀದಿಪಾಲಾದರು.

ಗಲಾಟೆ ಕೇಳಿ ಪಕ್ಕದಂಗಡಿಯ ಟೈಲರ್ ಅಕ್ಕ ಕತ್ತರಿ ಹಿಡಿದೇ ಓಡಿಬಂದಳು. ಅವನನ್ನು ಕೂರಿಸಿ, ದೊಡ್ಡ ಲೋಟದ ತುಂಬ ಉಪ್ಪು ಹಾಕಿದ ನಿಂಬೆಹಣ್ಣಿನ ಶರಬತ್ತು ಕುಡಿಸಿದಳು. ಮೊದಲೇ ಊದಿದ್ದ ಪಾದಗಳು ಆ ಉಪ್ಪಿಗೆ ಇನ್ನಷ್ಟು ಊದಿ, ಮಧ್ಯಾಹ್ನದೊಳಗೆ ಚಪ್ಪಲಿಯ ಜೊತೆ ಸಂಬಂಧ ಕಡಿದುಕೊಂಡವು.

"ತಪ್ಪು ತಲೆಸುತ್ತಿನದ್ದಲ್ಲಣ್ಣ," ಎಂದಳು ಅಕ್ಕ. "ಕಟಿಂಗ್ ಮಾಡೋನೇ ಕರಡಿ ಥರ ಇದ್ರೆ ಯಾರು ತಾನೇ ಕೂತ್ಕೋತಾರೆ? ಮೊದ್ಲು ನಿನ್ ತಲೆ ನೋಡ್ಕೋ."

ಮಾತು ಸರಿಯೆನಿಸಿತು. ಮುಂದೊಂದು ಕನ್ನಡಿ, ಹಿಂದೊಂದು ಕನ್ನಡಿ ಇಟ್ಟುಕೊಂಡು ಮಷೀನು ಹಿಡಿದ. ಊರವರ ತಲೆಗಳನ್ನೆಲ್ಲ ಬಲ್ಲ ಕೈ ಸ್ವಂತ ತಲೆಯ ಹಿಂಭಾಗಕ್ಕೆ ಹೊಸದು. ಎಡಕ್ಕೆ ಅಂದುಕೊಂಡರೆ ಬಲಕ್ಕೆ ಹೋಯಿತು. ಸ್ವಲ್ಪ ಅಂದುಕೊಂಡರೆ ಬುಡಕ್ಕೇ ಹೋಯಿತು.

"ಅಯ್ಯೋ!" ಅಕ್ಕ ಕೂಗಿಕೊಂಡಳು. "ಮತ್ತೆ ಉದುರಿತಾ?"

ಥೇಟ್ ಹಳೆಯ ಬಿಲ್ಲೆಯಂಥದ್ದೇ ಒಂದು ಬೋಳು. ಬೀದಿಯವರು ಇದನ್ನು ಕಂಡರೆ ಕಾಯಿಲೆ ಮರುಕಳಿಸಿತು ಅನ್ನುತ್ತಾರೆ. ಅಲ್ಲಿಗೆ ಕತೆ ಮುಗಿಯಿತು. ಇದನ್ನು ಸರಿಮಾಡಬಲ್ಲ ಇನ್ನೊಂದು ಕೈ ಆ ಬೀದಿಯಲ್ಲಿ ಒಂದೇ ಇತ್ತು.

ಊಟದ ಹೊತ್ತಿಗೆ ಬೀದಿ ತೂಕಡಿಸುವಾಗ, ತಲೆಗೆ ಟವೆಲ್ ಸುತ್ತಿ, ಬರಿಗಾಲಲ್ಲಿ ಮೂಲೆಯ ಸಲೂನಿಗೆ ನುಸುಳಿದ. ಅಲ್ಲಿಯ ಹುಡುಗ ಕೈಮುಗಿದ.

"ಬನ್ನಿ ಅಣ್ಣ! ಈ ಕುರ್ಚಿಲಿ ಕೂತ್ಕೊಳ್ಳಿ."

ಅದು ಬೀದಿಗೆ ಮುಖಮಾಡಿದ ಗಾಜಿನ ಪಕ್ಕದ ಕುರ್ಚಿ.

"ಒಳಗಡೆ ಇಲ್ವೇನಪ್ಪಾ?"

"ನಿಮ್ಮಂಥ ಹಿರಿಯರನ್ನ ಮೂಲೇಲಿ ಕೂರಿಸೋದಾ? ಛೆ ಛೆ."

ಹುಡುಗನ ಕೈ ಚೆನ್ನಾಗಿಯೇ ಇತ್ತು. ಬೋಳು ಮಾಯವಾಯಿತು, ಹಣೆ ಹಣೆಯಾಯಿತು, ಕಿವಿ ಕಿವಿಯಾಯಿತು. ಎಲ್ಲ ಮುಗಿಯಿತು ಅನ್ನುವಾಗ ಬಾಗಿಲು ತೆರೆಯಿತು. ಉಳಿದರ್ಧ ಗಡ್ಡ ಹೊತ್ತ ಮೇಷ್ಟ್ರು, ಅವರ ಹಿಂದೆ ಗಾಜಿನೊಳಗೆ ಕಂಡದ್ದನ್ನು ನಂಬಲಾಗದೆ ಬಂದ ಹಳೆಯ ಗಿರಾಕಿಗಳ ದಂಡು.

"ನೋಡ್ರಯ್ಯಾ!" ಎಂದರು ಮೇಷ್ಟ್ರು. "ಕ್ಷೌರಿಕನೇ ತಲೆ ಕೊಡೋಕೆ ಇಲ್ಲಿಗೆ ಬರ್ತಾನೆ ಅಂದ್ಮೇಲೆ ಇನ್ನೇನು ಬೇಕು?"

"ಹಾಗಲ್ಲ ಮೇಷ್ಟ್ರೇ, ಅದು ಮಾತ್ರೆ..."

"ನಾಚ್ಕೋಬೇಡ ಸುಮ್ನಿರಯ್ಯಾ. ಏನಪ್ಪಾ ಹುಡುಗಾ, ಇವನ ತಲೇಲಿ ಕೂದಲು ಬರಿಸಿದ್ದೂ ನೀನೇನಾ?"

ಹುಡುಗ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ವಿನಯದಿಂದ ನಕ್ಕು, ಕ್ಷೌರಿಕನ ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಡವಿದ.

ಕ್ಷೌರಿಕ ಕುರ್ಚಿಯಿಂದ ಇಳಿದನೋ ಇಲ್ಲವೋ, ದಂಡಿನಲ್ಲಿದ್ದ ಅಂಚೆಯವನು ಮೇಷ್ಟ್ರನ್ನೂ ತಳ್ಳಿಕೊಂಡು ಬಂದು, ಬಿಸಿ ಆರದ ಆ ಕುರ್ಚಿಯಲ್ಲಿ ಕೂತುಬಿಟ್ಟ.