ಡಿಶ್‌ವಾಷರಿನಲ್ಲಿ ಹೋದ ಕಲಾಯಿ

ಮನೆಯಲ್ಲಿ ಹುಲಿ ಸಾಕಿಕೊಂಡವನ ಹಾಗೆ ನಾನು ಬದುಕುತ್ತಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಹುಲಿಯಲ್ಲ, ಡಿಶ್‌ವಾಷರ್. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಗಳಿದ್ದ ಮೂಲೆಯನ್ನು ಹಿಡಿದು ಕುಳಿತಿದೆ. ಗುರುಗುಟ್ಟುತ್ತದೆ, ನೀರು ಕುಡಿಯುತ್ತದೆ, ಎರಡು ತಾಸು ಬಾಯಿ ಬಿಡುವುದಿಲ್ಲ. ಬಿಟ್ಟಾಗ ಒಳಗಿನಿಂದ ಏನು ಯಾವ ಅವತಾರದಲ್ಲಿ ಹೊರಬರುತ್ತದೋ ಎಂದು ನಾನು ದೂರ ನಿಂತೇ ನೋಡುತ್ತೇನೆ. ಇದನ್ನು ಊರಲ್ಲಿ ಹೇಳಿಕೊಳ್ಳುವ ಹಾಗೂ ಇಲ್ಲ. ಶಿಗ್ಗಾವಿಯ ಪೇಟೆಯಲ್ಲಿ ನನ್ನದೇ ಸ್ಟೀಲ್ ಪಾತ್ರೆಗಳ ಅಂಗಡಿ. ಪಾತ್ರೆ ಮಾರುವವನೇ ಪಾತ್ರೆ ತೊಳೆಯುವುದಕ್ಕೆ ಹೆದರುತ್ತಾನೆಂದರೆ ಗಿರಾಕಿಗಳು ಏನೆಂದುಕೊಂಡಾರು?

ಅಂಗಡಿ ನನಗೆ ಅಪ್ಪನಿಂದ ಬಂದದ್ದಲ್ಲ. ಹುಡುಗನಿದ್ದಾಗ ಸೈಕಲ್ಲಿಗೆ ಎರಡು ಬುಟ್ಟಿ ಕಟ್ಟಿಕೊಂಡು ದುಂಡಸಿ, ಹುಲಗೂರು ಎಂದು ಸುತ್ತಿ, ಹಳೆಯ ಹಿತ್ತಾಳೆ ತಾಮ್ರ ಪಡೆದು ಹೊಸ ಸ್ಟೀಲು ಕೊಡುತ್ತಿದ್ದೆ. ತಳ ಕಿತ್ತ ತಂಬಿಗೆ ಕೊಟ್ಟು ಬೋಗುಣಿಯ ಜೊತೆ ಎರಡು ಚಮಚೆಯನ್ನೂ ಕೇಳುವ ಅವ್ವಂದಿರ ಮುಂದೆ ಚೌಕಾಸಿ ಕಲಿತವನು ನಾನು. ಆ ವಿದ್ಯೆಯನ್ನೆಲ್ಲ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಖರ್ಚು ಮಾಡಿ, ಗಿರಾಕಿಗಳಿಗೆ ತೋರಿಸಲಿಕ್ಕೆಂದು ಇಟ್ಟಿದ್ದ ಈ ಮಷೀನನ್ನು ತಂದೆ. ಮೂರು ಸಲ ಎದ್ದು ಬಾಗಿಲತನಕ ಹೋದೆ, ಮೂರು ಸಲವೂ ಬೆಲೆ ಇಳಿಸಿ ಕರೆದರು. ನೀವೂ ಹಾಗೇ ಮಾಡಿ. ಆದರೆ ಮನೆಗೆ ಬಂದ ಮೇಲೆ ನೋಡಿದರೆ, ಬೆಲೆಯ ಜೊತೆಗೆ ಬಳಸುವ ವಿಧಾನದ ಪುಸ್ತಕವೂ ಇಳಿದುಹೋಗಿತ್ತು.

“ಪುಸ್ತಕ ಇಲ್ದ ಹೆಂಗ್ರಿ?” ಎಂದಳು ಹೆಂಡತಿ ಶಕುಂತಲಾ.

“ನಲವತ್ತು ವರ್ಷ ಭಾಂಡೆದಾಗ ಅದೇನಿ. ಭಾಂಡೆ ತಿಕ್ಕಾಕ ನನಗ ಪುಸ್ತಕ ಬೇಕೇನ?” ಎಂದೆ.

ಮೊದಲ ವಾರವೇ ರೊಟ್ಟಿ ಹಂಚು ತುಕ್ಕು ಹಿಡಿದು ಕೆಂಪಗೆ ಹೊರಬಂತು. ಹಿಟ್ಟು ನಾದುವ ಪರಾತ ಒಳಗೆ ಹೋಗಲೇ ಇಲ್ಲ. ಅಲ್ಯೂಮಿನಿಯಂ ಬೋಗುಣಿ ಕಪ್ಪಾಯಿತು. ಒಂದು ಮಧ್ಯಾಹ್ನ ಅರ್ಧಕ್ಕೆ ಕರೆಂಟು ಹೋಗಿ, ಊಟದ ತಾಟುಗಳೆಲ್ಲ ಸೋಪಿನ ನೊರೆಯೊಳಗೆ ಸಿಕ್ಕಿಕೊಂಡು, ನಾವಿಬ್ಬರೂ ಬಾಳೆ ಎಲೆ ಹುಡುಕಿಕೊಂಡು ಹೋದೆವು. ಇಷ್ಟಕ್ಕೆಲ್ಲ ನಾನು ಹೆದರಿರಲಿಲ್ಲ. ನಮ್ಮ ಪಾತ್ರೆ, ನಮ್ಮ ಕರ್ಮ. ಹೆದರಿಕೆ ಬಂದದ್ದು ರಂಜಾನ್ ಹಬ್ಬದ ದಿನ.

ಪಕ್ಕದ ಮನೆಯ ಮೆಹಬೂಬಿ ಆಪಾ ಎಂದಿನಂತೆ ಹಾಲು-ಶಾವಿಗೆಯ ಸುರಕುಂಬಾ ಕಳಿಸಿದ್ದರು. ನಮ್ಮ ಹೋಳಿಗೆ ಅವರ ಮನೆಗೆ, ಅವರ ಸುರಕುಂಬಾ ನಮ್ಮ ಮನೆಗೆ. ಇಪ್ಪತ್ತು ವರ್ಷದ ವಾಡಿಕೆ. ಬಂದ ಪಾತ್ರೆಯನ್ನು ಚೊಕ್ಕ ಬೆಳಗಿ, ಒಳಗೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಮರಳಿಸಬೇಕು. ಈ ಸಲ ಅದು ಬಂದದ್ದು ತಾಮ್ರದ ಪಾತೇಲಿಯಲ್ಲಿ. ಆಪಾನ ಮದುವೆಯಲ್ಲಿ ಅವರ ತಾಯಿ ಕೊಟ್ಟದ್ದು. ಒಳಗೆ ಕಲಾಯಿ, ಅಂದರೆ ತವರದ ಬಿಳಿಯ ಲೇಪ, ತುಸು ಮಾಸಿದ್ದು. ಶಕುಂತಲಾ ಹುಣಸೆಹಣ್ಣು ನೆನೆಹಾಕಲು ಹೋದಳು. ನಾನು ತಡೆದು ಪಾತೇಲಿಯನ್ನು ಮಷೀನಿನ ಕಡೆ ಒಯ್ದೆ.

“ಬ್ಯಾಡ್ರಿ, ಇದು ಮಂದಿ ಭಾಂಡೆ” ಎಂದಳು.

“ಭಾಂಡೆ ಬಗ್ಗೆ ನನಗ ಹೇಳಾಕತ್ತೀಯೇನ?”

ಎರಡು ತಾಸಿನ ನಂತರ ಬಾಗಿಲು ತೆಗೆದಾಗ ಪಾತೇಲಿ ಇತ್ತು, ಕಲಾಯಿ ಇರಲಿಲ್ಲ. ಒಳಗೆಲ್ಲ ಬೂದುಗಪ್ಪು, ನಡುನಡುವೆ ಗಾಯದ ಹಾಗೆ ತಾಮ್ರದ ಕೆಂಪು. ಶಕುಂತಲಾ ಅಲ್ಲೇ ನೆಲಕ್ಕೆ ಕುಳಿತಳು. “ಅವ್ರ ಅವ್ವನ ನೆನಪಿಗೆ ಅಂತ ಇದ್ದದ್ದ ಅದೊಂದ್ರಿ” ಎಂದಳು. ಇವಳಿಗೆ ಆಪರೇಶನ್ ಆದಾಗ ಐದು ದಿನ ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದಾಕೆ ಆಪಾ. ಆ ಹೆಣ್ಣುಮಗಳಿಗೆ ಯಾವ ಮುಖ ತೋರಿಸುವುದು?

ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ, ಪಾತೇಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಸವಣೂರಿಗೆ ಹೊರಟೆ. ಅಲ್ಲಿ ಕಲಾಯಿ ಹಾಕುವ ಚಾಚಾ ಒಬ್ಬರು ಇನ್ನೂ ಇದ್ದಾರೆ. ಬಸ್ಸಿನಲ್ಲಿ ಕಂಡವರೆಲ್ಲ “ಏನ್ರಿ ಅದು ಸಾಹುಕಾರ್ರ?” ಎಂದು ಕೇಳುವವರೇ. “ಪ್ರಸಾದ” ಎಂದೆ. ಒಬ್ಬ ಕೈಯೊಡ್ಡಿಯೇಬಿಟ್ಟ.

ಚಾಚಾ ಪಾತೇಲಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಯಾವ ಆಸಿಡ್‌ನ್ಯಾಗ ಅದ್ದೀರ್ರಿ ಇದನ್ನ?”

“ಮಷೀನ್‌ನ್ಯಾಗ ತೊಳದೇವ್ರಿ ಚಾಚಾ.”

“ತೋಬಾ ತೋಬಾ.”

ಕೆಂಡದ ಮೇಲೆ ಪಾತೇಲಿ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಅರಳೆಯಿಂದ ಒರೆಸಿದ ಕೂಡಲೇ ಒಳಗೆ ಬೆಳ್ಳಿಯಂತೆ ಬೆಳಕಾಯಿತು. ಚಾಚಾ ಕೇಳಿದಷ್ಟನ್ನು ಎರಡನೇ ಮಾತಿಲ್ಲದೆ ಕೊಟ್ಟೆ. ನನ್ನ ಜನ್ಮದಲ್ಲಿ ಅದೇ ಮೊದಲು.

ಸಕ್ಕರೆ ಹಾಕಿ ಪಾತೇಲಿಯನ್ನು ನಾನೇ ಒಯ್ದು ಕೊಟ್ಟೆ. ಆಪಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಏನ್ ಹೊಳಪ್ರಿ ಇದು! ನಮ್ಮ ಪಾತೇಲಿ ಹೌದೋ ಅಲ್ಲೋ ಅಣ್ಣಾರ?” ಎಂದರು. ಹಳೆಯದು ಪಡೆದು ಹೊಸದು ಕೊಡುವುದೇ ನನ್ನ ಕಸುಬು. ತಾಯಿಯ ಪಾತ್ರೆಯನ್ನೇ ಬದಲು ಮಾಡಿದನೆಂದು ತಿಳಿದರೆ? ಆ ಹೆದರಿಕೆಯಲ್ಲಿ ನಾಲಿಗೆ ತಾನೇ ಹೊರಳಿತು.

“ನಿಮ್ಮದ ಐತ್ರಿ ಆಪಾ. ಮಷೀನ್‌ನ್ಯಾಗ ತೊಳದೇವಿ, ಅದಕ್ಕ ಹಂಗ ಹೊಳ್ಯಾಕತ್ತೈತಿ.”

“ಹೌದ? ಭಾಳ ಚಲೋ ಮಷೀನ್ ಬಿಡ್ರಿ.”

ಎರಡು ದಿನ ಬಿಟ್ಟು ಅವರ ಮನೆಯಿಂದ ಕಲಾಯಿ ಮಾಸಿದ ಮೂರು ತಾಮ್ರದ ಪಾತ್ರೆ ಬಂದವು. “ಇವನ್ನೂ ಒಂದ ಸಲ ಮಷೀನಿಗೆ ಹಾಕಿ ಕೊಡ್ರಿ ಅಣ್ಣಾರ.” ಶಕುಂತಲಾ ನನ್ನ ಮುಖ ನೋಡಿದಳು. ನಾನು ಬಸ್ಸಿನ ವೇಳೆ ನೋಡಿದೆ. ಮುಂದಿನ ವಾರ ಬಂಕಾಪುರದಲ್ಲಿರುವ ಅವರ ನಾದಿನಿಯವು ಮೂರು ಬಂದವು. ಗೇಟು ಕಿರ್ರೆಂದರೆ ಸಾಕು, ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವ ಹಾಗಾಯಿತು. ಸವಣೂರಿನ ಚಾಚಾ ಮಾತ್ರ ನನ್ನನ್ನು ದೂರದಿಂದಲೇ ಕಂಡು ಚಹಾ ತರಿಸುತ್ತಿದ್ದರು. “ಬರ್ರಿ ಸಾಹುಕಾರ್ರ, ಮಷೀನ್ ಆರಾಮ ಐತಲ್ರಿ? ಇನ್ನ ನಾಕ ಮಂದಿಗೆ ತಗೊಳ್ಳಾಕ ಹೇಳ್ರಿ.”

ಕೊನೆಗೆ ಬಂತು ಡೇಗಿನ ಸರದಿ. ಆಪಾನ ಮೊಮ್ಮಗಳ ಮದುವೆಗೆ ಬಿರಿಯಾನಿ ಮಾಡುವ, ಕೂಸನ್ನು ಕೂಡಿಸಿ ಮೀಯಿಸಬಹುದಾದಷ್ಟು ದೊಡ್ಡ ತಾಮ್ರದ ಪಾತ್ರೆ. “ಬಂದು ಒಯ್ರಿ” ಎಂದು ಹೇಳಿ ಕಳಿಸಿದ್ದರು. ಅದು ಮಷೀನಿನೊಳಗೆ ಹೋಗುವ ಮಾತೇ ಇಲ್ಲ; ಮಷೀನೇ ಬೇಕಾದರೆ ಅದರೊಳಗೆ ಹೋದೀತು. ನನ್ನ ಸುಳ್ಳಿಗೆ ಇನ್ನು ಅಡಗಿಕೊಳ್ಳಲು ಜಾಗವಿರಲಿಲ್ಲ.

“ಈಗಿಂದೀಗ ಹೋಗಿ ಖರೇ ಹೇಳಿ ಬರ್ರಿ. ಇಲ್ಲಾಂದ್ರ ನಾನ ಹೇಳ್ತೇನಿ” ಎಂದಳು ಶಕುಂತಲಾ.

ಹೋದೆ. ಆಪಾ ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಮಷೀನು, ಹೋದ ಕಲಾಯಿ, ಸವಣೂರು, ಚಾಚಾ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಆಪಾ ಮೊರದಿಂದ ಕಣ್ಣೆತ್ತಲಿಲ್ಲ.

“ಗೊತ್ತೈತ್ರಿ.”

“ಯಾವಾಗಿಂದ್ರಿ?”

“ನೀವು ಪಾತೇಲಿ ತಂದಾಗಿಂದ. ನಮ್ಮಪ್ಪ ಕಲಾಯಿ ಹಾಕ್ತಿದ್ರು ಅಣ್ಣಾರ. ಅವ್ರ ಬಾಜೂ ಕುಂತು ತಿದಿ ಊದಿ ಬೆಳದಾಕಿ ನಾನು. ಹೊಸಾ ಕಲಾಯಿ ಯಾವುದು ಅಂತ ನನಗ ತಿಳಿಯಂಗಿಲ್ಲೇನ್ರಿ?”

“ಮತ್ತ ಅಷ್ಟೊಂದು ಭಾಂಡೆ...?”

“ಸವಣೂರಿಗೆ ಒಯ್ಯೋರು ಯಾರೂ ಸಿಕ್ಕಿರ್ಲಿಲ್ರಿ. ನೀವು ಹೆಂಗೂ ಹೊಂಟಿದ್ರಿ.” ಒಂದು ಕಲ್ಲು ಆರಿಸಿ ಬಿಸಾಕಿದರು. “ಅವ್ವನ ಪಾತೇಲಿ ಕಲಾಯಿ ಕಂಡು ಹತ್ತು ವರ್ಷ ಆಗಿತ್ತು. ಆಕಿ ಇದ್ದಿದ್ರ ನಿಮಗ ದುವಾ ಕೊಡ್ತಿದ್ಲು.”

ನನಗೆ ಅಳು ಬರುವುದೋ ನಗು ಬರುವುದೋ ತಿಳಿಯಲಿಲ್ಲ. ಹಳ್ಳಿಹಳ್ಳಿಯ ಅವ್ವಂದಿರನ್ನು ಚೌಕಾಸಿಯಲ್ಲಿ ಗೆದ್ದುಬಂದವನಿಂದ ಈ ಹೆಣ್ಣುಮಗಳು ತುಟಿ ಬಿಚ್ಚದೆ ಏಳು ಪಾತ್ರೆಗೆ ಬಿಟ್ಟಿಯಾಗಿ ಕಲಾಯಿ ಹಾಕಿಸಿಕೊಂಡಿದ್ದರು. ಹಗುರಾಗಿ ಎದ್ದು ನಿಂತೆ. ಆಪಾ ಮೂಲೆಯಲ್ಲಿದ್ದ ಡೇಗಿನ ಕಡೆ ಕೈ ತೋರಿಸಿದರು.

“ಅದು ಬಸ್‌ನ್ಯಾಗ ಹಿಡಿಯಂಗಿಲ್ರಿ ಅಣ್ಣಾರ. ಟಂಟಂ ಆಟೋ ಮಾಡ್ಕೊಂಡು ಹೋಗ್ರಿ.”

ನಾನು ಡೇಗಿನ ಒಂದು ಕಿವಿ ಹಿಡಿದೆ. ಟಂಟಂ ಬಾಡಿಗೆ ಯಾರದು ಎಂದು ಕೇಳುವ ಧೈರ್ಯ ಬರಲಿಲ್ಲ.