ಯಾರೂ ಇಲ್ಲದ ಬೀದಿಯಿಂದ, ಹಿಂಬಾಗಿಲ ಮೂಲಕ

ಅಂಕಿಅಂಶ ಮತ್ತು ಯೋಜನಾ ಇಲಾಖೆಯ ನಿರ್ದೇಶಕರ ದಿವ್ಯ ಸಮಕ್ಷಮಕ್ಕೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಬೀದಿಯಲ್ಲಿ ವಾಸವಿಲ್ಲದ ಸಮಸ್ತ ನಾಗರಿಕರ ಪರವಾಗಿ, ಅಸ್ತಿತ್ವದಲ್ಲಿಲ್ಲದ ನನ್ನ ಎರಡೂ ಕೈಗಳನ್ನು ಜೋಡಿಸಿ ತಮಗೆ ನಮಸ್ಕರಿಸುತ್ತೇನೆ. ತಾವೂ, ತಮ್ಮ ಕಚೇರಿಯೂ, ಕಚೇರಿಯ ಎ.ಸಿ.ಯೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕ್ಷೇಮದ ಬಗ್ಗೆ ನಾಲ್ಕು ಮಾತು ಬರೆಯೋಣವೆಂದರೆ, ತಮ್ಮ ವರದಿಯ ಪ್ರಕಾರ ನಾವೇ ಇಲ್ಲದಿರುವಾಗ ನಮ್ಮ ಕ್ಷೇಮ ಎಲ್ಲಿಂದ ಬರಬೇಕು ಎಂದು ಸುಮ್ಮನಾಗಿದ್ದೇನೆ.

ನನ್ನ ಪರಿಚಯ ತಮಗೆ ಇರಲಾರದು, ಆದರೆ ನನ್ನ ಕೈಬರಹವನ್ನು ತಾವು ಎರಡು ದಿನ ನೋಡಿದ್ದೀರಿ. ಹೋದ ವರ್ಷ ತಾವು ನಡೆಸಿದ ಕಾರ್ಯಾಗಾರದಲ್ಲಿ ತಮ್ಮ ತಲೆಯ ಹಿಂದೆ ತೂಗುತ್ತಿದ್ದ ‘ರಾಷ್ಟ್ರೀಯ ಅಂಕಿಅಂಶ ವ್ಯವಸ್ಥೆಯ ಬಲವರ್ಧನೆ: ಅಭಿವೃದ್ಧಿ ಯೋಜನೆಗೆ ಭದ್ರ ಬುನಾದಿ’ ಎಂಬ ಬಟ್ಟೆಯ ಬ್ಯಾನರನ್ನು ಬರೆದವನು ನಾನೇ. ‘ಬಲವರ್ಧನೆ’ಯ ಒತ್ತಕ್ಷರ ಸ್ವಲ್ಪ ದಪ್ಪವಾಗಿ ಬರಲಿ ಎಂದು ತಾವು ಹೇಳಿ ಕಳುಹಿಸಿದ್ದು ನೆನಪಿದೆ. ಆ ಮಾತನ್ನು ಹೊತ್ತು ತಂದ ತಮ್ಮ ಕಚೇರಿಯ ಜವಾನರು ಯಾರನ್ನೂ ಕೇಳದೆ ಸೀದಾ ನಮ್ಮ ಹಿಂಬಾಗಿಲಿಗೇ ಬಂದಿದ್ದರು ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿರುತ್ತೇನೆ, ಮುಂದೆ ಉಪಯೋಗಕ್ಕೆ ಬರುತ್ತದೆ.

ಕಳೆದ ತಿಂಗಳು ನಮ್ಮ ಬೀದಿಯ ತುದಿಯಲ್ಲಿರುವ ಎರಡು ಕೋಣೆಯ ಆರೋಗ್ಯ ಕೇಂದ್ರದ ಬಾಗಿಲಿಗೆ ಒಂದು ನೋಟೀಸು ಅಂಟಿತು. ಇತ್ತೀಚಿನ ಗಣತಿಯಂತೆ ಈ ಬೀದಿಯಲ್ಲಿ ಜನವಸತಿ ಕಂಡುಬಂದಿಲ್ಲವಾದ್ದರಿಂದ ಕೇಂದ್ರವನ್ನು ಹೊಸ ಬಡಾವಣೆಗೆ ಸ್ಥಳಾಂತರಿಸಲಾಗಿದೆ ಎಂದು ಅದರಲ್ಲಿತ್ತು. ಅದನ್ನು ಓದಲು ಬೀದಿಯ ಜನವೆಲ್ಲ ಮುಗಿಬಿದ್ದು, ಒಬ್ಬರ ಕಾಲನ್ನು ಒಬ್ಬರು ತುಳಿದು, ಹಿಂದಿದ್ದವರಿಗೆ ಏನೂ ಕಾಣದೆ, ಕೊನೆಗೆ ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಮನೆಯಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನಾನು ಬಹಳ ವರ್ಷಗಳಿಂದ ಗೊಣಗುತ್ತಿದ್ದೆ. ಈಗ ಅದಕ್ಕೆ ಸರ್ಕಾರದ ಮೊಹರು ಬಿದ್ದಿತು, ಹೆಂಡತಿಯೂ ಲೆಕ್ಕದಿಂದ ಹೊರಗೆ ಬಿದ್ದಳಲ್ಲ ಎಂಬ ಸಣ್ಣ ಸಮಾಧಾನವೂ ಆಯಿತು.

ಇಷ್ಟು ದೊಡ್ಡ ಸಾಧನೆ ಹೇಗೆ ಸಾಧ್ಯವಾಯಿತು ಎಂಬುದನ್ನು ತಮ್ಮ ಮುಂದಿನ ಕಾರ್ಯಾಗಾರದ ಅನುಕೂಲಕ್ಕಾಗಿ ವಿವರಿಸುತ್ತೇನೆ. ನಮ್ಮದು ಪುಟ್ಟ ಪುಟ್ಟ ಮನೆಗಳ ಬೀದಿ. ಒಳಗೆ ಬಾಗಿಲು ತಿರುಗಿಸುವಷ್ಟು ಜಾಗವೂ ಇಲ್ಲದ್ದರಿಂದ, ಕಟ್ಟಿಸಿದ ಪುಣ್ಯಾತ್ಮ ಎಲ್ಲ ಮುಂಬಾಗಿಲುಗಳನ್ನೂ ಹೊರಕ್ಕೆ ತೆರೆಯುವಂತೆ ಕೂರಿಸಿದ. ಆಮೇಲೆ ರಸ್ತೆಯವರು ಬಂದು ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಮತ್ತೊಂದು ಡಾಂಬರು ಹಾಕುತ್ತಾ ಹೋದರು. ರಸ್ತೆ ಅಭಿವೃದ್ಧಿಯಾಗುತ್ತಾ ಬಾಗಿಲಿನ ಮೊಣಕಾಲಿನವರೆಗೆ ಬಂತು. ಬಾಗಿಲುಗಳು ಒಂದು ಗೇಣು ತೆರೆದು, ಡಾಂಬರಿಗೆ ಕಚ್ಚಿಕೊಂಡು ನಿಲ್ಲತೊಡಗಿದವು. ಆ ಸಂದಿಯಲ್ಲಿ ಮನುಷ್ಯರು ನುಸುಳಲಾಗದಿದ್ದರೂ ಬೆಕ್ಕುಗಳು ಧಾರಾಳವಾಗಿ ಬಂದು ಹಾಲು ಕುಡಿದು ಹೋಗುತ್ತಿದ್ದುದರಿಂದ, ಬೀದಿಯವರೆಲ್ಲ ಒಬ್ಬರನ್ನು ನೋಡಿ ಒಬ್ಬರು, ಒಳಚಿಲಕ ಕೂರದ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಿತ್ತಲ ಸಂದಿಯಿಂದ ಓಡಾಡಲು ಶುರುಮಾಡಿದೆವು. ಹಿಂಬಾಗಿಲಿನಿಂದ ಒಳಗೆ ಬರುವವರ ಬಗ್ಗೆ ತಾವು ಪತ್ರಿಕೆಗಳಲ್ಲಿ ಬೇಕಾದಷ್ಟು ಓದಿರುತ್ತೀರಿ. ನಾವು ಹಿಂಬಾಗಿಲಿನಿಂದ ಹೊರಗೆ ಹೋಗುವ ಪ್ರಾಮಾಣಿಕರು.

ಈ ಗುಟ್ಟು ಕರೆಂಟ್ ಬಿಲ್ಲಿನವನಿಗೆ ಗೊತ್ತು, ಹಾಲಿನವಳಿಗೆ ಗೊತ್ತು, ಮೊದಲೇ ಹೇಳಿದಂತೆ ತಮ್ಮ ಕಚೇರಿಯ ಜವಾನರಿಗೂ ಗೊತ್ತು, ಕಂದಾಯದವರಿಗಂತೂ ಕಣ್ಣು ಕಟ್ಟಿ ಬಿಟ್ಟರೂ ಗೊತ್ತಾಗುತ್ತದೆ. ತಮ್ಮ ಗಣತಿಗೆಂದು ಬಂದ ಶಾಲೆಯ ಟೀಚರಮ್ಮನಿಗೂ ಗೊತ್ತಾಯಿತು. ಬಿಸಿಲಿನಲ್ಲಿ ಬೀದಿಯುದ್ದಕ್ಕೂ ಬೀಗಗಳನ್ನು ನೋಡಿ ಸುಸ್ತಾಗಿ, ಒಗ್ಗರಣೆಯ ವಾಸನೆಯ ಜಾಡು ಹಿಡಿದು ಆಕೆ ನಮ್ಮ ಹಿತ್ತಲಿಗೆ ಬಂದಳು, ನೀರು ಕುಡಿದಳು, ನಮ್ಮನ್ನೆಲ್ಲ ಕಣ್ಣಾರೆ ಕಂಡಳು. ಆದರೆ ತಾವು ಬಲವರ್ಧನೆಯ ಅಂಗವಾಗಿ ಅವಳ ಕೈಗೆ ಕೊಟ್ಟಿದ್ದ ಟ್ಯಾಬು ಮುಂಬಾಗಿಲಿನ ಎದುರು ನಿಂತರೆ ಮಾತ್ರ ಮನೆಯನ್ನು ಒಪ್ಪಿಕೊಳ್ಳುವಂಥದ್ದು. ಮುಂಬಾಗಿಲಿಗೆ ಹೋದರೆ ಅದು ಬಾಗಿಲಿನ ಫೋಟೋ ಕೇಳುತ್ತದೆ, ಫೋಟೋದಲ್ಲಿ ಬೀಗ ಕಂಡರೆ ತಾನೇ ತಾನಾಗಿ ‘ವಾಸವಿಲ್ಲ’ ಎಂದು ಬರೆದುಕೊಳ್ಳುತ್ತದೆ. “ನಾನೇನ್ ಮಾಡ್ಲಿ ಮಾವಾ, ಇಲ್ಲಿಂದ ಒತ್ತಿದ್ರೆ ಇದು ಮನೇನೇ ಇಲ್ಲ ಅನ್ನುತ್ತೆ. ಅಲ್ಲಿಂದ ಒತ್ತಿದ್ರೆ ಜನಾನೇ ಇಲ್ಲ ಅನ್ನುತ್ತೆ,” ಎಂದು ಆ ಹುಡುಗಿ ಅಳುಮುಖ ಮಾಡಿದಾಗ ನಮಗೇ ಪಾಪ ಅನ್ನಿಸಿ, ನಾವು ಇಲ್ಲದಿದ್ದರೂ ಪರವಾಗಿಲ್ಲ, ನೀನು ಹೋಗಿ ಬಾರಮ್ಮ ಎಂದು ಕಳುಹಿಸಿಕೊಟ್ಟೆವು. ಇಲ್ಲದಿರುವುದಕ್ಕೆ ಇಷ್ಟೊಂದು ಖರ್ಚಿದೆ ಎಂದು ಆಗ ಹೊಳೆಯಲಿಲ್ಲ.

ಇನ್ನು ಹೊಸ ಬಡಾವಣೆಯ ವಿಚಾರ. ಅಲ್ಲಿ ಮನೆಗಳೆಲ್ಲ ಎದ್ದು ನಿಂತಿವೆ, ಬಾಗಿಲುಗಳಿಗೆ ಪಾಲಿಶ್ ಆಗಿದೆ, ಜನ ಮಾತ್ರ ಇನ್ನೂ ಬಂದಿಲ್ಲ. ಅಲ್ಲಿರುವವನು ಒಬ್ಬನೇ, ನಮ್ಮ ಷಡ್ಡಕ, ಅಂದರೆ ನನ್ನ ನಾದಿನಿಯ ಗಂಡ, ಕಾವಲುಗಾರ. ಗಣತಿಯ ದಿನ ಅವನು ಕೀಲಿಗೊಂಚಲು ಹಿಡಿದು ಮನೆಯಿಂದ ಮನೆಗೆ ಬಾಗಿಲು ತೆರೆಯುತ್ತಾ, “ಯಾರಿದೀರಿ?” ಎಂದು ಗಣತಿಯವರು ಕೇಳಿದಾಗಲೆಲ್ಲ “ನಾನೇ ಇದೀನಿ” ಎಂದು ಸತ್ಯವನ್ನೇ ಹೇಳಿದ್ದಾನೆ. ಹೀಗಾಗಿ ತಮ್ಮ ಅಂಕಿಅಂಶದಲ್ಲಿ ಅವನೊಬ್ಬನೇ ಒಂದು ಬಡಾವಣೆಯಾಗಿದ್ದಾನೆ. ಮದುವೆಯಾದಾಗಿನಿಂದ ಅವನು ಒಂದು ಸೀನು ಸೀನಿದ್ದನ್ನು ನಾನು ಕಂಡಿಲ್ಲ. ಅಂಥ ಗುಂಡುಕಲ್ಲಿನ ಎದುರು ಈಗ, ಕೇಂದ್ರದ ಜೊತೆಗೇ ಅಲ್ಲಿಗೆ ಹೋದ ನಮ್ಮ ನರ್ಸಮ್ಮ ವಾರವಿಡೀ ಕುಳಿತು, ಬೇರೆ ಯಾರೂ ಬಾರದ್ದರಿಂದ ಅವನದೇ ಬಿ.ಪಿ.ಯನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ. “ಭಾವಾ, ಕೈ ನೋಯ್ತಿದೆ, ನಿಮ್ಮ ನರ್ಸಮ್ಮನ್ನ ವಾಪಸ್ ಕರಸ್ಕೊಳ್ಳಿ” ಎಂದು ಅವನೇ ಫೋನು ಮಾಡಿ ಗೋಳಾಡುತ್ತಿದ್ದಾನೆ.

ಇಲ್ಲಿಯವರೆಗೆ ನಗುನಗುತ್ತಾ ಬರೆದೆ. ಇನ್ನು ನಗಲು ಸ್ವಲ್ಪ ಕಷ್ಟ. ಬಿ.ಪಿ. ನೋಡಿಸಿಕೊಳ್ಳಬೇಕಾದವಳು ನಮ್ಮ ಸೊಸೆ. ಅವಳಿಗೆ ದಿನ ತುಂಬುತ್ತಾ ಬಂದಿದೆ, ಕಾಲು ಊದಿಕೊಂಡಿದೆ, ವಾರ ವಾರ ತಪ್ಪದೆ ನೋಡಲೇಬೇಕು ಎಂದು ನರ್ಸಮ್ಮ ಹೇಳಿದ್ದರು. ನಾಲ್ಕು ಹೆಜ್ಜೆಯಲ್ಲಿದ್ದ ಕೇಂದ್ರ ಈಗ ರೈಲ್ವೆ ಗೇಟಿನ ಆಚೆಗೆ, ಎರಡು ಬಸ್ಸುಗಳ ದೂರಕ್ಕೆ ಹೋಗಿದೆ. ಮೊನ್ನೆ ಕರೆದುಕೊಂಡು ಹೋದಾಗ ಗೇಟು ಬಿದ್ದು, ಬಸ್ಸಿನಲ್ಲಿ ನಿಂತಲ್ಲೇ ಅವಳ ಮುಖ ಬಿಳಿಚಿಕೊಂಡಿತು. ನನಗೆ ಭಯವಾಯಿತು, ಮಾನ್ಯರೇ. ಈ ಮಾತಿಗೆ ಅಲಂಕಾರ ಬೇಡ. ಮನೆಗೆ ಬಂದ ಮೇಲೆ ನನ್ನ ಹೆಂಡತಿ, “ಅವ್ರಿಗೆ ಕಾಣಿಸ್ಲಿಲ್ಲ ಅಂದ್ರೆ ನಾವು ಇಲ್ವಾ? ಒಂದ್ಸಲ ಹಿತ್ತಲಿಗೆ ಬಂದು ನೋಡೋಕೆ ಬರೀರಿ ಅವ್ರಿಗೆ. ಬೋರ್ಡ್ ಬರಿಯೋ ಕೈಯಲ್ಲಿ ಇದೊಂದ್ ಬರಿಯೋಕಾಗಲ್ವಾ?” ಎಂದು ತರಾಟೆಗೆ ತೆಗೆದುಕೊಂಡಳು. ಆದ್ದರಿಂದಲೇ ಈ ಪತ್ರ.

ತಮ್ಮ ಅಂಕಿಅಂಶಗಳನ್ನು ತಿದ್ದಿ ಎಂದು ಕೇಳುವಷ್ಟು ಉದ್ಧಟತನ ನನಗಿಲ್ಲ. ಬರೆದ ಬೋರ್ಡನ್ನು ಅಳಿಸುವುದು ಎಷ್ಟು ಬೇಸರದ ಕೆಲಸವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಡುವುದಿಷ್ಟೇ. ನಮ್ಮ ಷಡ್ಡಕ ತಮ್ಮ ಕಡತದಲ್ಲಿ ಅಷ್ಟೊಂದು ಸಂಖ್ಯೆಯಲ್ಲಿ ಇರುವುದರಿಂದ, ಅವನ ಪೈಕಿ ನಾಲ್ಕಾರು ಜನರನ್ನು ನಮ್ಮ ಬೀದಿಗೆ ಕೈಗಡವಾಗಿ ಕೊಡಿಸಿ, ಹೆರಿಗೆಯಾದ ಕೂಡಲೇ ಹಿಂದಿರುಗಿಸುತ್ತೇವೆ. ಅದು ನಿಯಮಕ್ಕೆ ಹೊಂದದಿದ್ದರೆ, ನಮ್ಮ ಬೀದಿಯಲ್ಲಿ ಯಾರೂ ಇಲ್ಲ ಎಂಬ ಶುಭ ಸಮಾಚಾರವನ್ನು ದಯಮಾಡಿ ಕಂದಾಯ ಇಲಾಖೆಗೂ ತಿಳಿಸಿ. ಅವರು ಮಾತ್ರ ನಮ್ಮನ್ನು ಇನ್ನೂ ಜೀವಂತವಾಗಿಟ್ಟಿದ್ದಾರೆ. ಅಥವಾ ಸೊಸೆಯ ಊದಿದ ಕಾಲಿಗೆ, ಮುಂದಿನ ಪಂಚವಾರ್ಷಿಕ ಯೋಜನೆಯವರೆಗೆ ತಡೆದುಕೊಳ್ಳುವಂತೆ ತಮ್ಮ ಸಹಿ ಇರುವ ಒಂದು ಸುತ್ತೋಲೆ ಹೊರಡಿಸಿ. ಇದಾವುದೂ ಆಗದಿದ್ದಲ್ಲಿ, ಬಲವರ್ಧನೆಗೆ ತೆಗೆದಿಟ್ಟ ಬಲದಲ್ಲಿ ಒಂದು ಚಿಟಿಕೆಯನ್ನು ಟ್ಯಾಬಿನಿಂದ ಎಣಿಸುವವರ ಕಾಲಿಗೆ ವರ್ಗಾಯಿಸಿ, ಅವರು ಮನೆಯ ಸುತ್ತ ಒಂದು ಸುತ್ತು ಬರಬಹುದು, ಕಂಡದ್ದನ್ನು ಕಂಡ ಹಾಗೆ ಬರೆಯಬಹುದು ಎಂದು ಅಪ್ಪಣೆ ಕೊಡಿಸಿ. ಇದು ಅಸಾಧ್ಯವೆಂದು ಬಲ್ಲೆ, ಆದ್ದರಿಂದ ಕೊನೆಯಲ್ಲಿ ಬರೆದಿದ್ದೇನೆ.

ತಮ್ಮ ಅಂಕಿಗಳು ಮನೆಮಕ್ಕಳೊಂದಿಗೆ ನೂರ್ಕಾಲ ಬಾಳಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಬೀಗದ ಹಿಂದಿನ ಬೋರ್ಡು ಬರೆಯುವವನು

ತಾಜಾ ಕಲಂ: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಸೊಸೆಗೆ ನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ಬಂದು ಮುಂದಿನ ರಸ್ತೆಯಲ್ಲಿ ನಿಂತಿತು. ಹಿತ್ತಲ ಸಂದಿಯಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. “ಬೀಗ ಹಾಕಿರೋ ಬಾಗ್ಲಿಂದ ಪೇಷಂಟ್ ಹೆಂಗ್ರೀ ಬರ್ತಾರೆ? ಮೊದ್ಲು ಬಾಗ್ಲು ತೆಗೀರಿ!” ಎಂದು ಚಾಲಕ ಕೂಗಿಕೊಂಡ. ಬೀಗ ತೆಗೆದರೂ ಬಾಗಿಲು ಒಂದು ಗೇಣು ದಾಟಲಿಲ್ಲ. ಪಕ್ಕದ ಮನೆಯ ಬಡಗಿ ಉಳಿ ಸುತ್ತಿಗೆ ತಂದು ಕೀಲುಗಳನ್ನೇ ಕಿತ್ತು ಬಾಗಿಲನ್ನು ಅಡ್ಡ ಮಲಗಿಸಿದ. ಇಲ್ಲದ ಬೀದಿಯ ಇಲ್ಲದ ಜನವೆಲ್ಲ ಸೇರಿ ಹುಡುಗಿಯನ್ನು ಎತ್ತಿಕೊಂಡರು. ನಮ್ಮ ಮನೆಯ ಮುಂಬಾಗಿಲಿನಿಂದ ಇಷ್ಟು ವರ್ಷಗಳ ಮೇಲೆ ಹೊರಗೆ ಹೋದವಳು ಅವಳು, ಒಳಗೆ ಬಂದವಳು ಮೊಮ್ಮಗಳು. ಇಬ್ಬರೂ ಕ್ಷೇಮ. ಶೂನ್ಯ ಜನಸಂಖ್ಯೆಯ ಬೀದಿಯಲ್ಲಿ ಒಂದು ಜನನ ಎಂದು ನಮೂದಿಸಲು ಹೋಗಿ ಜನನ ನೋಂದಣಿಯ ಕಂಪ್ಯೂಟರ್ ನಿನ್ನೆಯಿಂದ ಸುಮ್ಮನೆ ಗಿರಗಿರ ಸುತ್ತುತ್ತಿದೆಯಂತೆ, ತಾವು ವಿಚಾರಿಸಿಕೊಳ್ಳಬೇಕು. ನರ್ಸಮ್ಮ ರಜೆಯ ದಿನ ಬಂದು ತಾಯಿ ಮಗುವನ್ನು ನೋಡಿ ಹೋದರು. ಜನರಿಲ್ಲದ ಜಾಗದಲ್ಲಿ ರೋಗಿಯನ್ನು ನೋಡಿದರೆಂದು ಅವರಿಗೆ ತೊಂದರೆಯಾದೀತು, ಆದ್ದರಿಂದ ಈ ಬಹಿರಂಗ ಪತ್ರದ ಈ ಒಂದು ವಾಕ್ಯವನ್ನು ಗುಟ್ಟಾಗಿಡಬೇಕಾಗಿ ವಿನಂತಿ. ಕಿತ್ತ ಬಾಗಿಲಿನ ಮೇಲೆ, ತಮ್ಮ ಬ್ಯಾನರಿಗೆ ಬಳಸಿ ಉಳಿದ ಬಣ್ಣದಲ್ಲೇ ‘ಇಲ್ಲಿ ಜನ ಇದ್ದಾರೆ’ ಎಂದು ಒತ್ತಕ್ಷರ ದಪ್ಪವಾಗಿ ಬರೆದು ಬೀದಿಯ ತುದಿಯಲ್ಲಿ ನಿಲ್ಲಿಸಿದ್ದೇನೆ. ತಮ್ಮ ಗಣತಿಯಲ್ಲಿ ನಮ್ಮ ಮನೆಯಿಂದ ದಾಖಲಾಗಿದ್ದ ಒಬ್ಬನೇ ಸದಸ್ಯನಾದ ಬೀಗವನ್ನು ಈ ಪತ್ರದ ಜೊತೆ ತಮ್ಮ ವಶಕ್ಕೆ ಕಳುಹಿಸುತ್ತಿದ್ದೇನೆ. ಅದರ ಕೀಲಿ ನನ್ನ ಹೆಂಡತಿಯ ಹತ್ತಿರವಿದೆ. ಬೇಕಾದರೆ ತಾವೇ ಬರಬೇಕಂತೆ, ಹಿಂಬಾಗಿಲಿಗೆ.